ಲಾಹೋರಿನಿಂದ ಬಂದ ಸಹಿ

ನಮ್ಮ ಮಾವನಷ್ಟು ಪುಕ್ಕಲು ಮನುಷ್ಯ ಸುಳ್ಯದಿಂದ ಪುತ್ತೂರಿನವರೆಗೆ ದುರ್ಬೀನು ಹಿಡಿದು ಹುಡುಕಿದರೂ ಸಿಗಲಿಕ್ಕಿಲ್ಲ! ಇಂಜೆಕ್ಷನ್ನಿಗೆ ಹೆದರಿ ಜ್ವರವನ್ನೇ ಮುಚ್ಚಿಡುತ್ತಿದ್ದರು. ಪೊಲೀಸರ ಟೋಪಿ ಕಂಡರೆ ಒಂದು ಸ್ಟಾಪ್ ಮೊದಲೇ ಬಸ್ಸಿಳಿಯುತ್ತಿದ್ದರು. ಇಂಥವರು ಜಗತ್ತನ್ನೇ ನಡುಗಿಸುವ ವೇಗದ ಬೌಲರುಗಳಿಗೆ ಮಾತ್ರ ಧೈರ್ಯವಾಗಿ ಕಾಗದ ಬರೆಯುತ್ತಿದ್ದರು!

ಪತ್ರಿಕೆಯಿಂದ ಆಟಗಾರನ ಚಿತ್ರ ಕತ್ತರಿಸಿ, ಮೈದಾ ಅಂಟಿನಿಂದ ರಟ್ಟಿಗೆ ಅಂಟಿಸಿ ಕಾರ್ಡ್ ಮಾಡುವುದು. ಸಹಿ ಹಾಕಿ ಕಳಿಸಿರೆಂದು ಬೇಡಿ ಅಂಚೆಗೆ ಹಾಕುವುದು. ರಟ್ಟು ಎಲ್ಲಿಂದ? ಮನೆಗೆ ಬಂದ ಮದುವೆ ಕಾಗದಗಳೇ! ಒಮ್ಮೆ ಬೆಂಗಳೂರಿನ ಸ್ಪಿನ್ನರೊಬ್ಬರು ಕಾರ್ಡಿನ ಹಿಂಬದಿ ಓದಿ, 'ಮದುವೆಗೆ ಬರಲಾಗದ್ದಕ್ಕೆ ಕ್ಷಮಿಸಿ' ಎಂದೂ ಬರೆದಿದ್ದರು. ಮಾವನಿಗೆ ಅದಕ್ಕೂ ಹೆದರಿಕೆ.

"ಅವರು ಉಡುಗೊರೆ ಕಳಿಸಿದ್ರೆ ಎಂತ ಮಾಡುದು ಮಾರಾಯ?"

ಆಗ ಎಮರ್ಜೆನ್ಸಿ. ಯಾರನ್ನು ಯಾಕೆ ಒಳಗೆ ಹಾಕುತ್ತಾರೆಂದು ಯಾರಿಗೂ ಗೊತ್ತಿಲ್ಲದ ಕಾಲ. ಒಂದು ದಿನ ನಮ್ಮೂರು ಅಜ್ಜಾವರದ ಪೋಸ್ಟ್‌ಮ್ಯಾನ್ ಲಕೋಟೆಯೊಂದನ್ನು ಹಾವಿನ ಮರಿಯಂತೆ ಎರಡು ಬೆರಳಲ್ಲಿ ಹಿಡಿದು ಬಂದರು. "ಪಾಕಿಸ್ತಾನದ್ದು ಮಾರಾಯ್ರೆ! ನಾನು ಸರಿಯಾಗಿ ನೋಡ್ಲೂ ಇಲ್ಲ!" ಎಂದು ಜಗಲಿಯಲ್ಲಿಟ್ಟು ಓಟ ಕಿತ್ತರು.

ಒಳಗಿದ್ದದ್ದು ಲಾಹೋರಿನ ಬೌಲರನ ಕಾರ್ಡು. ಚಿತ್ರದ ಎದೆಯ ಮೇಲೆ ನೀಲಿ ಶಾಯಿಯ ಸಹಿ!

"ಒಲೆಗೆ ಹಾಕಿ! ನಿಮ್ಮನ್ನು ಹಿಡ್ಕೊಂಡು ಹೋದ್ರೆ ನಾನೆಂತ ಮಾಡುದು?" ಅತ್ತೆ ಅಳುತ್ತಲೇ ಕೈಚಾಚಿದರು.

ಮಾವ ಕೊಡಲಿಲ್ಲ. "ಸುಟ್ರೆ ನಾನು ಕಳ್ಳ ಆಗ್ತೇನೆ. ನಾನೇ ಸ್ಟೇಷನ್ನಿಗೆ ಹೋಗಿ ತೋರಿಸಿ ಬರ್ತೇನೆ" ಎಂದು ಎದ್ದರು. ಮಾವ! ಸ್ಟೇಷನ್ನಿಗೆ! ತಾವಾಗಿಯೇ! ಅತ್ತೆಯೂ ನಾನೂ ಹಿಂದೆಯೇ ಓಡಿದೆವು.

ಘಟ್ಟದ ಮೇಲಿನಿಂದ ಬಂದಿದ್ದ ಇನ್ಸ್‌ಪೆಕ್ಟರು ಕಾರ್ಡ್ ತಿರುಗಿಸಿ ಓದಿದರು. "'ಸಿಂಹ ಲಗ್ನ, ಬಂಧುಮಿತ್ರರೊಡನೆ ಬರಬೇಕು.' ಏನ್ರೀ ಇದು? ಯಾರು, ಎಲ್ಲಿಗೆ ಬರಬೇಕು?"

ಮಾವ ಕೈಮುಗಿದರು. "ಅದು ನನ್ನ ತಂಗಿಯ ನಾದಿನಿಯ ಮದುವೆ ಸ್ವಾಮಿ. ಊಟ ಲಾಯ್ಕ ಇತ್ತು!"

ಇನ್ಸ್‌ಪೆಕ್ಟರು ದುರುಗುಟ್ಟಿ ನೋಡಿದರು. ಆಮೇಲೆ ಮೇಜು ಬಡಿದು ನಕ್ಕು, ಕಾರ್ಡನ್ನು ವಾಪಸು ಕೊಟ್ಟರು.

ಹೊರಗೆ ಬಂದಾಗಲೂ ಅತ್ತೆ ಮಾವನ ಅಂಗಿಯ ತೋಳನ್ನು ಬಿಟ್ಟಿರಲೇ ಇಲ್ಲ.

"ಇನ್ನು ಬರೆಯುದಿಲ್ಲ. ನಿನಗೆ ಇಷ್ಟು ಹೆದರಿಕೆ ಆಗುದಾದ್ರೆ ನನಗೆ ಬೇಡ" ಎಂದರು ಮಾವ.

ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡರು. "ನಿಮಗೆ ಇರುದು ಅದೊಂದೇ ಧೈರ್ಯ. ಬರೆಯಿರಿ. ಹೆದರ್ಲಿಕ್ಕೆ ನಾನಿದ್ದೇನೆ."