ಬೀಸುಕಲ್ಲಿನ ಕೆಳಗಿನ ಅರ್ಧ

ನನ್ನ ಬಾಯಿಂದ ‘ಬರುವ ಭಾನುವಾರ’ ಎಂಬ ಮಾತು ಹೊರಟಿತೆಂದರೆ ಆ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಸೋರುವ ನಲ್ಲಿ, ಕಾಲು ಮುರಿದ ಕುರ್ಚಿ, ಮಾವನವರಿಗೆ ಬರೆಯಬೇಕಾದ ಕಾಗದ, ಎಲ್ಲವೂ ಆ ಭಾನುವಾರದ ಹಾದಿ ಕಾಯುತ್ತ ಕೂತಿವೆ. ಗೊತ್ತಿದ್ದೂ ನನ್ನನ್ನು ನಂಬಿದವಳು ಒಬ್ಬಳೇ, ನನ್ನ ಸೋದರತ್ತೆ ಗುರವ್ವ. ಗಂಡ ತೀರಿಕೊಂಡ ಮೇಲೆ ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲೇ ಇದ್ದ ಆಕೆ ನನ್ನನ್ನು ಕೇಳಿದ್ದು ಒಂದೇ ಒಂದು: ತನ್ನ ಅಪ್ಪನ ಸಮಾಧಿ ತೋರಿಸು ಎಂದು.

ಅತ್ತೆ ಅಪ್ಪನ ಮುಖ ಕಂಡವಳಲ್ಲ. ಬೀದರ್ ಕಡೆಯಿಂದ ಮಾದಾಪುರದಾಚೆಗೆ ಕಲ್ಲು ಒಡೆಯಲು ಬಂದ ನಮ್ಮಜ್ಜ, ಆಕೆ ಇನ್ನೂ ಹೊಟ್ಟೆಯಲ್ಲಿದ್ದಾಗಲೇ ಬಂಡೆ ಉರುಳಿ ಸತ್ತ. ಅಲ್ಲಿಯ ಹಳ್ಳಿಯ ರುದ್ರಭೂಮಿಯಲ್ಲೇ ಮಣ್ಣು ಮಾಡಿದರು. ಅಕ್ಷರ ಬಾರದ ನಮ್ಮಜ್ಜಿ ಗುರುತಿಗೆಂದು ಬೀಸುಕಲ್ಲಿನ ಮೇಲಿನ ಅರ್ಧವನ್ನು ಸಮಾಧಿಯ ಮೇಲಿಟ್ಟು, ಕೆಳಗಿನ ಅರ್ಧವನ್ನು ಹೊತ್ತುಕೊಂಡು ಬಂದಳಂತೆ. ಎರಡೂ ಎಲ್ಲಿ ಕೂಡುತ್ತವೋ ಅಲ್ಲಿದ್ದಾನೆ ನಿಮ್ಮಪ್ಪ ಎಂದು ಮಗಳಿಗೆ ಹೇಳಿ ಕಣ್ಣು ಮುಚ್ಚಿದಳು. “ಮುದುಕಿ ಆದ್ನೆಪ್ಪ, ಇನ್ನೂ ಒಬ್ಬರನ್ನೂ ಅಪ್ಪಾ ಅಂತ ಕರದಿಲ್ಲ. ಒಮ್ಮಿ ಕರದು ಬರ್ತೀನಿ” ಎನ್ನುತ್ತಿದ್ದಳು ಅತ್ತೆ. “ಬರೋ ಭಾನುವಾರ ಹೋಗೂಣು ಅತ್ತಿ” ಎನ್ನುತ್ತಿದ್ದೆ ನಾನು.

ಹೀಗೆ ವರ್ಷಗಳೇ ಕಳೆದವು. ಅಜ್ಜ ಒಡೆದು ಮುಗಿಸದ ಬಂಡೆಗಳೆಲ್ಲ ಮಾಯವಾಗಿ ಅಲ್ಲಿ ಗಾಜಿನ ಕಟ್ಟಡಗಳು ಎದ್ದವು. ನಾವೂ ಬಾಡಿಗೆಯ ಹಳೆ ಮನೆ ಬಿಟ್ಟು ಮೂರನೇ ಅಂತಸ್ತಿನ ಫ್ಲ್ಯಾಟಿಗೆ ಬಂದೆವು. ಸಾಮಾನು ಸಾಗಿಸುವ ದಿನ ಅಜ್ಜಿಯ ಆ ಅರ್ಧ ಬೀಸುಕಲ್ಲನ್ನು ಎತ್ತಲಾರದೆ ಹಿತ್ತಲಲ್ಲೇ ಬಿಟ್ಟು, ಬರುವ ಭಾನುವಾರ ತಂದರಾಯಿತು ಎಂದುಕೊಂಡೆ. ಭಾನುವಾರಕ್ಕೆ ಮೊದಲೇ ಮನೆ ಕೆಡವಿದರು. ಕಲ್ಲು ಯಾವ ಅಪಾರ್ಟ್‌ಮೆಂಟಿನ ಬುನಾದಿ ಸೇರಿತೋ ಶಿವನೇ ಬಲ್ಲ. ಮೊಣಕಾಲು ನೋವಿಗೆ ಕೆಳಗಿಳಿಯದ ಅತ್ತೆಗೆ, “ವಾಚ್‌ಮನ್ ಖೋಲ್ಯಾಗ ಐತಿ ಕಲ್ಲು” ಎಂದು ಹೇಳಿಬಿಟ್ಟೆ.

ಕಡೆಗೊಮ್ಮೆ ಅತ್ತೆ ಹಾಸಿಗೆ ಹಿಡಿದು ಹೇಗೋ ಎದ್ದು ಕೂತಾಗ ನನಗೆ ಹೆದರಿಕೆಯಾಯಿತು. ಒಬ್ಬನೇ ಆ ಹಳ್ಳಿಗೆ ಓಡಿದೆ. ರುದ್ರಭೂಮಿಯ ಕಾಂಪೌಂಡಿನಾಚೆ ಸಾಫ್ಟ್‌ವೇರಿನವರ ಕ್ಯಾಬುಗಳು ಸಾಲುಗಟ್ಟಿ ನಿಂತಿದ್ದವು, ಈಚೆ ಜಾಲಿಮುಳ್ಳು. ರುದ್ರಭೂಮಿ ಕಾಯುವ ಯಾದಯ್ಯನನ್ನು, ಬೀಸುಕಲ್ಲಿಟ್ಟ ಸಮಾಧಿ ಯಾವುದಪ್ಪ ಎಂದು ನನ್ನ ಹರಕು ತೆಲುಗಿನಲ್ಲಿ ಕೇಳಿದೆ. “ಏದಿ ಸಾರ್? ಏಡು ಉನ್ನಾಯ್” ಎಂದು ನಕ್ಕ. ಒಂದಲ್ಲ, ಎರಡಲ್ಲ, ಏಳು! ಕಲ್ಲು ಒಡೆಯಲು ಬಂದವರೆಲ್ಲ ನಮ್ಮ ಕಡೆಯವರೇ, ಅವರ ಹೆಂಡಂದಿರಿಗೆಲ್ಲ ಹೊಳೆದದ್ದೂ ಒಂದೇ ಉಪಾಯ. ಅಷ್ಟು ಜಾಣೆ ನಮ್ಮಜ್ಜಿ ಒಬ್ಬಳೇ ಎಂದು ನಾವು ಬೀಗುತ್ತಿದ್ದೆವು.

ಮಾದಾಪುರದ ಹೋಟೆಲುಗಳ ಬಾಗಿಲಲ್ಲಿ ಆಗ ಹಳ್ಳಿಯ ಕಳೆಗೆಂದು ಬೀಸುಕಲ್ಲು ಇಡುವ ಷೋಕಿ ಶುರುವಾಗಿತ್ತು. ಅಂಥವನ್ನು ಮಾರುವ ಅಂಗಡಿಗೆ ಹೋಗಿ, ಕೆಳಗಿನ ಅರ್ಧ ಮಾತ್ರ ಸಾಕು ಎಂದೆ. ಅಂಗಡಿಯವನು ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, “ಯಾವ ಮೇಲ್ಗಲ್ಲಾದರೂ ಇದಕ್ಕೆ ಕೂರುತ್ತದೆ, ಚಿಂತೆ ಬೇಡ” ಎಂದು ಧೈರ್ಯ ಹೇಳಿದ.

ಆ ಭಾನುವಾರ ಮಾತ್ರ ನಾನು ಮಾತಿಗೆ ತಪ್ಪಲಿಲ್ಲ. ಅತ್ತೆಯನ್ನು ಕುರ್ಚಿ ಸಮೇತ ಮೂರು ಅಂತಸ್ತು ಇಳಿಸಿ, ಅಂಗಡಿಯ ಕಲ್ಲಿನ ಜೊತೆ ಆಟೋದಲ್ಲಿ ಕರೆದೊಯ್ದೆ. ಕಣ್ಣು ಮಂಜಾಗಿದ್ದ ಅವಳಿಗೆ ಕಲ್ಲು ಬೇರೆಯದೆಂದೂ, ಮುಳ್ಳಿನ ನಡುವೆ ಅಂಥವು ಇನ್ನೂ ಆರು ಇವೆಯೆಂದೂ ತಿಳಿಯಲಿಲ್ಲ. ಯಾದಯ್ಯ ಮೊದಲ ಸಮಾಧಿಯ ಕಲ್ಲೆತ್ತಿ ನಮ್ಮ ಕಲ್ಲಿನ ನಡುಗೂಟಕ್ಕೆ ಇಳಿಸಿದ. ಗಟ್ಟಿಯಾಗಿ ಕೂತಿತು. ಅತ್ತೆ ಅದನ್ನು ಒಂದು ಸುತ್ತು ತಿರುಗಿಸಿದಳು, ಗರ್ ಎಂದಿತು. “ಅಪ್ಪಾ” ಎಂದಳು. ಮತ್ತೊಮ್ಮೆ, “ಅಪ್ಪಾ, ನಾ ಗುರವ್ವ.” ಆ ದನಿ ಮುದುಕಿಯದಾಗಿರಲಿಲ್ಲ. ನನಗೆ ಅಲ್ಲೇ ಭೂಮಿಯೊಳಗೆ ಇಳಿದುಹೋಗಬೇಕೆನಿಸಿತು.

ಎರಡು ತಿಂಗಳಿಗೆ ಅತ್ತೆ ಹೋದಳು. ಅವಳ ಮಾತಿನಂತೆ ಆ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಿ, ಅಂಗಡಿಯ ಕಲ್ಲನ್ನು ಅವಳ ಮೇಲಿಟ್ಟೆವು. ಯಾರ ಅಪ್ಪನ ಮಗ್ಗುಲಲ್ಲಿ ಮಲಗಿಸಿದೆನೋ ಗೊತ್ತಿಲ್ಲ. ಈಗ ಅಮಾವಾಸ್ಯೆ ಬಂತೆಂದರೆ ಎಂಟು ಎಡೆ ಕಟ್ಟಿಸಿಕೊಂಡು ಹೊರಡುತ್ತೇನೆ. “ಅಜ್ಜ ಒಬ್ಬರು, ಅತ್ತಿ ಒಬ್ಬರು. ಎಂಟು ಎಡಿ ಯಾರಿಗ್ರಿ?” ಎಂದು ಹೆಂಡತಿ ಕೇಳುತ್ತಾಳೆ. ಏನೋ ಒಂದು ಹೇಳಿ ಜಾರಿಕೊಳ್ಳುತ್ತೇನೆ. ಏಳು ಕಲ್ಲುಗಳ ಮುಂದೆಯೂ ಎಡೆಯಿಟ್ಟು, “ಅಜ್ಜಾ, ನಿನ್ನ ಮಗಳು ಆ ತುದಿಗೆ ಅದಾಳ, ನೀನ ಹೋಗಿ ಮಾತಾಡಸು” ಎಂದು ಏಳು ಸಲ ಕೈಮುಗಿಯುತ್ತೇನೆ. ಕೊನೆಯ ಎಡೆ ಅತ್ತೆಯದು. ನಡೆದದ್ದನ್ನೆಲ್ಲ ಇವತ್ತಾದರೂ ಹೇಳಿಬಿಡಬೇಕೆಂದು ಅವಳ ಮುಂದೆ ಕೂತು ಬಾಯಿ ತೆರೆಯುತ್ತೇನೆ.

“ಬರೋ ಭಾನುವಾರ ಹೇಳ್ತೀನಿ ಅತ್ತಿ” ಎಂದು ಎದ್ದು ಬರುತ್ತೇನೆ.