ಕರ್ಸರ್ ತಾನಾಗಿ ಓಡಾಡುವುದನ್ನು ಸರಿಪಡಿಸದಿರುವ ಕುರಿತು

ತೆಂಗು ಬೆಳೆಗಾರರ ಸಂಘದ ಕಚೇರಿ
ಕಲ್ಲುಗುಡ್ಡೆಪಾಳ್ಯ, ತುರುವೇಕೆರೆ ತಾಲ್ಲೂಕು

ಸಂಖ್ಯೆ: ತೆಂಬೆಸಂ/ಗಣಕ/ತಾನಾಗಿ/೩
ದಿನಾಂಕ: ಸೋಮವಾರ, ಪೂಜೆಯಾದ ಮೇಲೆ

ಸುತ್ತೋಲೆ

ವಿಷಯ: ಕಚೇರಿಯ ಕಂಪ್ಯೂಟರಿನ ಕರ್ಸರ್ ಯಾರೂ ಮುಟ್ಟದೆ ಚಲಿಸಿ, ಯಾರೂ ಒತ್ತದೆ ಕ್ಲಿಕ್ ಮಾಡುತ್ತಿದ್ದುದು ಹಾಗೂ ರಿಪೇರಿಯಾದ ಮೇಲೆ ಶ್ರೀಮತಿ ದ್ರಾಕ್ಷಾಯಣಮ್ಮನವರು ಸಲ್ಲಿಸಿದ ಆಕ್ಷೇಪಣೆ.

ಉಲ್ಲೇಖ: ೧. ಕಂಪ್ಯೂಟರ್ ಆಪರೇಟರ್ ಯೋಗೀಶ್ ಅವರ ದೂರು.
೨. ತಿಪಟೂರಿನಿಂದ ಬಂದ ರಿಪೇರಿಯವರ ಮೌಖಿಕ ವರದಿ.
೩. ದ್ರಾಕ್ಷಾಯಣಮ್ಮನವರು ಕಚೇರಿಯ ಬಾಗಿಲಲ್ಲಿ ನಿಂತು ಆಡಿದ ಮಾತು.

ಸಂಘದ ಗುಮಾಸ್ತರಾಗಿದ್ದ ಶ್ರೀ ಏಕಾಂತಯ್ಯನವರು ಶಿವೈಕ್ಯರಾದ ನಂತರ, ಅವರ ಮೇಜಿನ ಕಂಪ್ಯೂಟರಿನಲ್ಲಿ ದಿನವೂ ಬೆಳಿಗ್ಗೆ ಕರ್ಸರ್ ತಾನಾಗಿ ಓಡಾಡುತ್ತಿದ್ದುದು ಆಡಳಿತದ ಗಮನಕ್ಕೆ ಬಂದಿರುತ್ತದೆ. ಅದು ಯೋಗೀಶ್ ಅವರು ಅರ್ಧ ಟೈಪು ಮಾಡಿದ್ದ ನಡಾವಳಿಯನ್ನು ಮುಚ್ಚಿರುತ್ತದೆ. ಸಸಿ ವಿತರಣೆಯ ನೋಟಿಸನ್ನು ಕಾಗದ ಮುಗಿಯುವವರೆಗೂ ಮುದ್ರಿಸಿರುತ್ತದೆ. ಆಗೆಲ್ಲ ಸಿಬ್ಬಂದಿಯು ಕೆಲಸ ಬಿಟ್ಟು ಎದ್ದು, “ಏಕಾಂತಯ್ನೋರು ಬಂದ್ರು ಕಣ್ರೋ! ಏಳಲಾ ಯೋಗೀಶ, ಕುರ್ಚಿ ಬುಡು!” ಎಂದು ಕೂಗಿಕೊಂಡಿರುವುದು ಸಹ ಕಂಡುಬಂದಿದೆ.

೧. ದೋಷ ನಿವಾರಣೆಗಾಗಿ ಕಂಪ್ಯೂಟರನ್ನು ಆರಿಸಿ ಹಚ್ಚಲಾಯಿತು. ಹೊಸ ಮೌಸ್ ಪ್ಯಾಡ್ ಹಾಕಲಾಯಿತು. ನಿರ್ದೇಶಕರಾದ ಶ್ರೀ ತಿಮ್ಮರಾಜು ಅವರು ಇದು ತೆಂಗಿನ ನುಸಿ ಪೀಡೆಯಂಥದ್ದೇ ಇರಬೇಕೆಂದು ಅಭಿಪ್ರಾಯಪಟ್ಟು ಮೌಸಿಗೆ ಬೇವಿನೆಣ್ಣೆ ಸವರಿದರು. ಮೌಸ್ ಕೈಯಿಂದ ಜಾರತೊಡಗಿದ್ದನ್ನು ಬಿಟ್ಟು ಬೇರೆ ಪರಿಣಾಮವಾಗಲಿಲ್ಲ. ಕೊನೆಗೆ ಕಂಪ್ಯೂಟರಿನ ಮುಂದೆ ಕಾಯಿ ಒಡೆಯಲಾಯಿತು. ನೀರು ಕೀಬೋರ್ಡಿಗೆ ಸಿಡಿಯಿತು. ಕಾಯಿ ಚೆನ್ನಾಗಿತ್ತು.

೨. ರಿಪೇರಿಯವರು ಪರಿಶೀಲಿಸಿದಾಗ, ಏಕಾಂತಯ್ಯನವರು ಬಳಸುತ್ತಿದ್ದ ವೈರ್ ಇಲ್ಲದ ಮೌಸ್ ಅವರ ಕೈಚೀಲದೊಂದಿಗೆ ಮನೆ ಸೇರಿರುವುದೂ, ಅದರ ಹುಣಸೆಬೀಜದಷ್ಟು ದೊಡ್ಡ ರಿಸೀವರ್ ಮಾತ್ರ ಕಂಪ್ಯೂಟರಿನ ಹಿಂಬದಿಯಲ್ಲೇ ಉಳಿದಿರುವುದೂ ತಿಳಿದುಬಂದಿದೆ. ಅವರ ಮನೆಗೂ ಕಚೇರಿಗೂ ಒಂದೇ ಗೋಡೆ. ಅವರ ಪತ್ನಿ ದ್ರಾಕ್ಷಾಯಣಮ್ಮನವರು ದಿನವೂ ಗೂಡಿನಲ್ಲಿಟ್ಟ ಅವರ ಕನ್ನಡಕ, ಪೆನ್ನು, ಮೌಸುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಅವಕ್ಕೆ ವಿಭೂತಿ ಹಚ್ಚುತ್ತಾರೆ. ಮೂರು ಬೆರಳು ಎಳೆದಂತೆ ಇಲ್ಲಿ ಕರ್ಸರ್ ಓಡುತ್ತದೆ. ರಿಸೀವರ್ ಕಿತ್ತು ಮೇಜಿನ ಖಾನೆಗೆ ಹಾಕಲಾಗಿ, ದೋಷವು ಪೂರ್ಣ ನಿವಾರಣೆಯಾಯಿತು.

೩. ತದನಂತರ ದ್ರಾಕ್ಷಾಯಣಮ್ಮನವರು ಬಾಗಿಲಿಗೆ ಬಂದು, “ಯಾಕ್ರಪ್ಪ, ಈಗ ಯಾರೂ ಕೂಗೋದೇ ಇಲ್ಲ?” ಎಂದು ವಿಚಾರಿಸಿದರು. ಯೋಗೀಶ್ ಅವರು ರಿಸೀವರ್ ತೋರಿಸಿ ವಿವರಿಸಲಾಗಿ, “ಅದೆಲ್ಲ ನಂಗೊತ್ತು ಕಣಪ್ಪ. ನಾನು ಉಜ್ಜುದ್ರೆ ನಿಮ್ ಡಬ್ಬೀಲಿ ಕುಣೀತದೆ, ಅಷ್ಟೇ ತಾನೆ? ನಾನು ಅವರ ಹೆಸರು ಹೇಳಂಗಿಲ್ಲ, ಮದುವೇಲಿ ಒಂದ್ಸಲ ಹೇಳ್ಸಿದ್ರು. ಅಕ್ಕಪಕ್ಕದೋರು ನನ್ ಮುಂದೆ ಹೇಳೋದ ಬಿಟ್ಟವ್ರೆ. ಗೋಡೆ ಆಚೆಯಿಂದ ನೀವೊಬ್ರೇ ಕೂಗ್ತಿದ್ರಿ” ಎಂದು ತಿಳಿಸಿರುತ್ತಾರೆ. ಈ ಹೇಳಿಕೆಯನ್ನು ಸಂಘದ ಉಪವಿಧಿಗಳ ಪ್ರಕಾರ ಆಕ್ಷೇಪಣೆಯೆಂದು ದಾಖಲಿಸಿಕೊಳ್ಳಲಾಯಿತು.

ಆದ್ದರಿಂದ, ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಕೆಳಕಂಡಂತೆ ಆದೇಶಿಸಲಾಗಿದೆ:

೪. ನಿವಾರಣೆಯಾದ ದೋಷವನ್ನು ತಕ್ಷಣವೇ ಯಥಾಸ್ಥಿತಿಗೆ ತರತಕ್ಕದ್ದು. ಯೋಗೀಶ್ ಅವರು ಕೈಯ ಬೇವಿನೆಣ್ಣೆ ತೊಳೆದುಕೊಂಡು ರಿಸೀವರನ್ನು ಹಿಂದಿನ ತೂತಿಗೇ ಸಿಕ್ಕಿಸತಕ್ಕದ್ದು.

೫. ಕರ್ಸರ್ ಓಡಾಡುವಾಗ ಯಾರೂ ವೈರ್ ಇರುವ ಮೌಸನ್ನು ಹಿಡಿದು ಅದರೊಡನೆ ಜಗ್ಗಾಡಬಾರದು. ತಿಮ್ಮರಾಜು ಅವರು ಒಮ್ಮೆ ಜಗ್ಗಾಡಿ ಸೋತಿರುವುದನ್ನು ಪೂರ್ವನಿದರ್ಶನವಾಗಿ ಪರಿಗಣಿಸಲಾಗಿದೆ.

೬. ಆ ವೇಳೆಯಲ್ಲಿ ಎಲ್ಲರೂ ಎದ್ದು ನಿಲ್ಲತಕ್ಕದ್ದು. ಮಂಡಿನೋವು ಇರುವವರು ಅರ್ಧ ಎದ್ದರೆ ಸಾಕು. ಆದರೆ ಅರ್ಧ ಎದ್ದವರು ಪೂರ್ತಿ ಎದ್ದಂತೆ ಮುಖ ಮಾಡತಕ್ಕದ್ದು.

೭. ಆ ವೇಳೆ ಅಳಿಸಿಹೋದ ಕಡತಗಳು ಹೇಗಿದ್ದರೂ ಬೇಡವಾಗಿದ್ದವೆಂದು ಭಾವಿಸತಕ್ಕದ್ದು. ಕರ್ಸರ್ ‘ಸರಿ’ ಎಂದು ಒತ್ತಿದ್ದನ್ನು ಸಾಮಾನ್ಯ ಸಭೆ ಸರ್ವಾನುಮತದಿಂದ ಅಂಗೀಕರಿಸಿದೆಯೆಂದು ತಿಳಿಯತಕ್ಕದ್ದು. ಪ್ರಿಂಟರಿನಲ್ಲಿ ಒಂದೇ ಹಾಳೆ ಇಟ್ಟಿರತಕ್ಕದ್ದು.

೮. ಮೌಸಿನ ಬ್ಯಾಟರಿಯನ್ನು ‘ಪೂಜಾ ಸಾಮಗ್ರಿ’ ಬಾಬಿನಲ್ಲಿ ಖರೀದಿಸತಕ್ಕದ್ದು. ಅದನ್ನು ದ್ರಾಕ್ಷಾಯಣಮ್ಮನವರ ಮನೆಗೆ ಹೋಗಿ ಹಾಕಿ ಬರುವ ಹೊಣೆ ಕಚೇರಿ ಸಹಾಯಕಿ ಮಂಗಳಾ ಅವರದು. ಅಲ್ಲಿ ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಬಂದಲ್ಲಿ ಬ್ಯಾಟರಿ ಹಾಕಿಲ್ಲವೆಂದೇ ಪರಿಗಣಿಸಲಾಗುವುದು.

೯. ಇದುವರೆಗೆ ಸಿಬ್ಬಂದಿಯು ಹೆದರಿಕೆಯಿಂದ ಕೂಗುತ್ತಿದ್ದು, ಇನ್ನು ಮುಂದೆ ಅದನ್ನು ಕರ್ತವ್ಯವೆಂದು ತಿಳಿದು ಕೂಗತಕ್ಕದ್ದು. ಗೋಡೆಯ ಕಡೆ ಮುಖ ಮಾಡಿರಬೇಕು. ಹೆಸರನ್ನು ಪೂರ್ತಿ ಹೇಳಬೇಕು. ಪೂಜೆಗೆ ಭಾನುವಾರ ರಜೆ ಇಲ್ಲದ ಕಾರಣ ಭಾನುವಾರದ ಕೂಗನ್ನು ತಿಮ್ಮರಾಜು ಅವರಿಗೆ ವಹಿಸಲಾಗಿದೆ. ಅವರ ಧ್ವನಿ ದೂರದ ಬೋರನಕಣಿವೆಗೂ ಕೇಳುತ್ತದೆಂಬುದು ಸಂಘದ ಸಭೆಗಳಲ್ಲಿ ಈಗಾಗಲೇ ಸಾಬೀತಾಗಿದೆ.

೧೦. ಕರೆಂಟ್ ಇಲ್ಲದ್ದರಿಂದ ಕರ್ಸರ್ ಕಾಣಲಿಲ್ಲ ಎಂಬ ವಿವರಣೆಯನ್ನು ಒಪ್ಪಲಾಗುವುದಿಲ್ಲ. ಕೂಗತಕ್ಕದ್ದು.

(ಸಹಿ)
ಹಾಲಸ್ವಾಮಿ
ಗೌರವ ಕಾರ್ಯದರ್ಶಿ

ಪ್ರತಿಗಳು:
೧. ಯೋಗೀಶ್, ಆಪರೇಟರ್: ಪಾಲನೆಗಾಗಿ.
೨. ತಿಮ್ಮರಾಜು, ನಿರ್ದೇಶಕರು: ಭಾನುವಾರಕ್ಕಾಗಿ. ಬೇವಿನೆಣ್ಣೆ ಡಬ್ಬಿಯನ್ನು ತೋಟಕ್ಕೆ ಒಯ್ಯುವುದು.
೩. ಮಂಗಳಾ, ಕಚೇರಿ ಸಹಾಯಕಿ: ಮಜ್ಜಿಗೆಗಾಗಿ.
೪. ತಿಪಟೂರಿನ ರಿಪೇರಿಯವರು: ಇನ್ನು ಬರುವುದು ಬೇಡವೆಂಬ ಮಾಹಿತಿಗಾಗಿ.
೫. ಗೋಡೆ: ಅಂಟಿಸುವ ಅಗತ್ಯವಿಲ್ಲ. ಗಟ್ಟಿಯಾಗಿ ಓದಿದರೆ ಸಾಕು.