ಆಯವ್ಯಯದ ಅಕ್ಕ

ಪಂಕಜಮ್ಮನವರೊಡನೆ ಮೊದಲ ಮಾತುಕತೆ ಏರ್ಪಡಿಸುವುದು ಸುಲಭವಾಗಿರಲಿಲ್ಲ. ಹಿಂದೆ ಮಂಡ್ಯ ಸೀಮೆಯ ಬಡ ವಿದ್ಯಾರ್ಥಿಗಳು ಹೇಗೆ ಹೊಟ್ಟೆ ಹೊರೆದುಕೊಂಡು ಓದಿದರೆಂಬುದನ್ನು ಹಿರಿಯರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸ ನಡೆದಿತ್ತು. ಮಳವಳ್ಳಿಯ ಅವರ ಮನೆಗೆ ಹೇಳಿಕಳುಹಿಸಿದಾಗ, "ವಾರಾನ್ನದ ಸುದ್ದಿ ಎತ್ತೋರಿಗೆ ನಮ್ಮನೇಲಿ ಕಾಫಿ ಇಲ್ಲ" ಎಂಬ ಉತ್ತರ ಬಂತು. ಎರಡನೆಯ ಸಲ ಸೊಸೆ ನಡುವೆ ಬಿದ್ದು ರಾಜಿ ಮಾಡಿಸಿದರು: ಅತ್ತೆ ಮಾತನಾಡುತ್ತಾರೆ, ಆದರೆ ಅವರಿಗೆ ಸಿಟ್ಟು ಬಂದಾಗ ಯಾರೂ ಅಡ್ಡಬಾಯಿ ಹಾಕಕೂಡದು. ಕಾಫಿಯೂ ಬಂತು, ಸಿಟ್ಟೂ ಬಂತು. ಯಜಮಾನರ ಹೆಸರೇನೆಂದು ಕೇಳಿದ್ದಕ್ಕೆ ಎಂಬತ್ತು ದಾಟಿದ ಪಂಕಜಮ್ಮನವರು ಗೋಡೆಯ ಪಟದತ್ತ ಗದ್ದ ತೋರಿಸಿ, "ನಾನು ಹೇಳೋಲ್ಲ. ಒಂದು ಸಲ ಹೇಳಿ ಕೆಟ್ಟಿದೀನಿ" ಎಂದರು. ಸಂಪತ್ ಕುಮಾರ ಎಂಬ ಹೆಸರನ್ನು ಕೊನೆಗೆ ಸೊಸೆಯೇ ಹೇಳಬೇಕಾಯಿತು.

ಆ ಒಂದು ಸಲದ ಕಥೆ ಇದು.

೧೯೪೪ರ ಜೂನ್ ತಿಂಗಳು. ಚಳಿಜ್ವರಕ್ಕೆ ಎರಡು ವರ್ಷ ತೆತ್ತು, ಇಪ್ಪತ್ತರ ವಯಸ್ಸಿನಲ್ಲಿ ಸಂಪತ್ ಕುಮಾರ ಮಂಡ್ಯದಲ್ಲಿ ಹೈಸ್ಕೂಲಿನ ಕೊನೆಯ ತರಗತಿಗೆ ಬಂದಿದ್ದ. ಅವನ ಆಸ್ತಿಯೆಂದರೆ ಹೆಸರಿನಲ್ಲಿದ್ದ ಸಂಪತ್ತು, ತಿಂಗಳಿಗೆ ಎಂಟು ರೂಪಾಯಿಯ ವಿದ್ಯಾರ್ಥಿವೇತನ ಮತ್ತು ಹದಿನೇಳರ ಹೆಂಡತಿ ಪಂಕಜ. ದೇವಿರಮ್ಮನೆಂಬ ಹೂವಾಡಗಿತ್ತಿಯ ಮನೆಯ ಒಂಟಿಕೋಣೆಯನ್ನು ಹಿಡಿದ ದಿನವೇ ಅವನು ಇದ್ದಿಲ ಚೂರೊಂದನ್ನು ಎತ್ತಿಕೊಂಡು ಗೋಡೆಯ ಮುಂದೆ ನಿಂತ.

"ನೋಡು ಪಂಕಜ! ರಾಜ್ಯದ ಆಯವ್ಯಯ ಹೊಂದಿಸೋಕೆ ದಿವಾನರಿಗೆ ಗುಮಾಸ್ತರ ದಂಡೇ ಬೇಕು. ನನಗೆ ಇದೊಂದು ಚೂರು ಸಾಕು! ಬಾಡಿಗೆ, ಸೀಮೆಎಣ್ಣೆ, ಹಾಲು, ನಿನ್ನೊಬ್ಬಳ ಅಕ್ಕಿ. ಆಮೇಲೆ ಗೌರವ ವೆಚ್ಚ."

"ಹಾಗಂದ್ರೆ?"

"ಬಟ್ಟೆಗೆ ಇಸ್ತ್ರಿ, ಹೋಟೆಲ್ ಕಾಫಿ. ಓದೋ ಹುಡುಗ ನಾಲ್ಕು ಜನರ ಕಣ್ಣಿಗೆ ಕಾಣಬೇಡವೆ?"

"ನಿಮ್ಮ ಊಟ?"

"ಸೊನ್ನೆ!" ಎಂದು ಹೋಳಿಗೆಯಗಲದ ಸೊನ್ನೆಯೊಂದನ್ನು ಗೋಡೆಯ ಮೇಲೆ ಸುತ್ತಿದ.

ಸೊನ್ನೆಯೊಳಗಿದ್ದದ್ದು ವಾರಾನ್ನ: ವಾರದ ಏಳು ದಿನಕ್ಕೆ ಏಳು ಮನೆ, ದಿನಕ್ಕೊಂದು ಮನೆಯಲ್ಲಿ ಊಟ. ಆದರೆ ಆ ಎಲೆ ಬ್ರಹ್ಮಚಾರಿಗಳಿಗೆ ಮಾತ್ರ. ಹೆಂಡತಿಯಿದ್ದವನಿಗೆ ಅನ್ನ ಬೇಯಿಸಲು ಹೆಂಡತಿಯೇ ಇದ್ದಾಳಲ್ಲ!

"ಹಾಗಾದ್ರೆ ನಾನ್ಯಾರು?" ಎಂದು ಪಂಕಜ ಕೇಳಿದಳು.

"ಅಕ್ಕ."

"ಯಾರ ಅಕ್ಕ?"

"ನನ್ನಕ್ಕ. ಹೈಸ್ಕೂಲ್ ಹುಡುಗ ಅಂದ್ರೆ ನಿನಗಿಂತ ಚಿಕ್ಕವನು ಅಂತಲೇ ಜನ ನಂಬ್ತಾರೆ. ಒಂದೇ ವರ್ಷದ ಮಾತು. ಇಲ್ಲವಾದರೆ ಓದು ಬಿಟ್ಟು ಇಬ್ಬರೂ ನಾಳೆಯೇ ಮಳವಳ್ಳಿ ಬಸ್ಸು ಹತ್ತಬೇಕು."

"ಕೊರಳಲ್ಲಿ ತಾಳಿ ಇದೆಯಲ್ಲ, ಗಂಡ ಎಲ್ಲಿ ಅಂತ ಕೇಳಿದ್ರೆ?"

"ಭಾವ ಯುದ್ಧಕ್ಕೆ ಹೋಗಿದಾರೆ ಅಂತ ಆಗಲೇ ಹೇಳಿದೀನಿ. ಬರ್ಮಾಕ್ಕೆ."

ಹೀಗೆ ತನ್ನನ್ನು ತಾನೇ ಬರ್ಮಾಕ್ಕೆ ಸಾಗಹಾಕಿ, ಆ ಮಹಾವೀರ ಏಳು ಮನೆಗಳ ಮೇಲೆ ದಂಡೆತ್ತಿ ಹೋದ. ಅವನ ಓದು ನಿಲ್ಲಬಾರದೆಂಬ ಒಂದೇ ಕಾರಣಕ್ಕೆ ಪಂಕಜ ಹಲ್ಲು ಕಚ್ಚಿಕೊಂಡಳು. ಆದರೆ ಸೊನ್ನೆಗೂ ನಾಲಗೆಯಿರುತ್ತದೆಂದು ಅವಳಿಗೆ ತಿಳಿದಿರಲಿಲ್ಲ! ದಿನವೂ ಉಂಡು ಬಂದವನು ಚಾಪೆಯ ಮೇಲೆ ಒರಗಿ ವರ್ಣನೆಗೆ ತೊಡಗುತ್ತಿದ್ದ. ಶುಕ್ರವಾರದ ಮನೆಯ ತಿರುಮಲಮ್ಮನವರ ಪುಳಿಯೋಗರೆಗೆ ಬಂದಾಗಲಂತೂ ಕಣ್ಣು ಮುಚ್ಚಿಬಿಡುತ್ತಿದ್ದ. ಎದುರಿಗೆ ಪಂಕಜ ಗೊಜ್ಜಿನಲ್ಲಿ ಅನ್ನ ಕಲಸುತ್ತಿದ್ದಳು. ಒಮ್ಮೆ ಅವಳ ಪಾತ್ರೆಯಿಂದ ಒಂದು ಸೌಟು ಸಾರು ಸುರಿದು ಕುಡಿದು, "ಇಂಗು ಸ್ವಲ್ಪ ಕಡಿಮೆ" ಎಂದುಬಿಟ್ಟ. ಸೌಟು ಅವನ ಕಿವಿಯ ಪಕ್ಕದಲ್ಲಿ ಹಾದು, ಗೋಡೆಯ ಗೌರವ ವೆಚ್ಚಕ್ಕೆ ತಾಗಿತು.

ಹೊರಗೆ ದೇವಿರಮ್ಮನ ಕಾಟ ಬೇರೆ.

"ಅಲ್ಲ ಕಣವ್ವ, ತಮ್ಮುನ್ನ ಯಾರಾದ್ರೂ 'ಏನೂಂದ್ರೆ' ಅಂತ ಕರೀತಾರಾ? ನಮ್ಮಳ್ಳೀಲಿ 'ಬಾರ್ಲಾ, ಉಣ್ಣು' ಅಂತೀವಿ."

"ನಮ್ಮಲ್ಲಿ ಮರ್ಯಾದೆ ಜಾಸ್ತಿ."

"ಓದೋ ಐಕ್ಳಿಗೆ ಇಷ್ಟೊಂದು ಮರ್ವಾದೆ ಕೊಟ್ರೆ ಕೆಟ್ಟೋಯ್ತವೆ ಕಣವ್ವ!"

ಸಂಪತ್ ಕುಮಾರ ಹೆದರಿದ. "ಹೆಸರು ಹಿಡಿದು ಕೂಗೇ, ದಮ್ಮಯ್ಯ!" ಎಂದು ಗೋಗರೆದ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ತಗ್ಗುತ್ತದೆಂದು ನಂಬಿದ ಮನೆತನ ಪಂಕಜಳದು. ಹಬ್ಬದಲ್ಲಿ ದೇವಿಯ ಮುಂದೆ ಸಂಪತ್ತು ಬೇಡುವಾಗಲೂ ಅವಳು "ಅದನ್ನು ಕೊಡಮ್ಮ" ಎಂದಷ್ಟೇ ಬೇಡುತ್ತಿದ್ದಳು. ಬಾಯಿ ತೆರೆದಳು, ಮುಚ್ಚಿದಳು. "ಬೇಕಾದ್ರೆ ಸುಳ್ಳು ಹೇಳ್ತೀನಿ. ಹೆಸರು ಹೇಳೋಲ್ಲ!"

ಶ್ರಾವಣದ ಒಂದು ಶುಕ್ರವಾರ ತಿರುಮಲಮ್ಮನವರು ಅರಿಶಿನ ಕುಂಕುಮಕ್ಕೆ 'ಅಕ್ಕ'ನನ್ನೂ ಕರೆದರು. ನಡುಮನೆಯ ತುಂಬ ಹೆಂಗಸರು. ಒಳಗೆ ಪಂಕ್ತಿಯ ಮೊದಲ ಎಲೆಗೆ ಸಂಪತ್ ಕುಮಾರ. ಹೂವಿನ ಬುಟ್ಟಿಯೊಡನೆ ದೇವಿರಮ್ಮ ಬಾಗಿಲ ಬಳಿ. ಮೂಲೆಯಲ್ಲಿ ಹೊಸ ಸೀರೆಯ ಹುಡುಗಿಯೊಬ್ಬಳು ತಲೆ ತಗ್ಗಿಸಿ ಕುಳಿತಿದ್ದಳು.

"ಮದ್ದೂರಿನ ನನ್ನ ತಂಗಿ ಮಗಳು," ಎಂದರು ತಿರುಮಲಮ್ಮನವರು. "ನಿನ್ನ ತಮ್ಮನ ಗುಣ ವಾರವಾರವೂ ನೋಡಿದೀನಿ. ಬಡಿಸಿದ್ದಕ್ಕೆ ಬೇಡ ಅನ್ನೋಲ್ಲ! ಇಲ್ಲಿ ಅವನ ಕಡೆ ಹಿರಿಯಳು ನೀನೇ ಅಮ್ಮಣ್ಣಿ. 'ನಮ್ಮ ಹುಡುಗ ಇಂಥವನಿಗೆ ನಿಮ್ಮ ಹುಡುಗೀನ ಕೊಡಿ' ಅಂತ ಹೆಸರು ಹಿಡಿದು ಕೇಳು, ತಾಂಬೂಲ ಹಿಡಿ."

ಪಂಕಜ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹೇಳಮ್ಮ."

"ಅದು... ಅವರು..."

"ಅವರು?" ತಿರುಮಲಮ್ಮನವರ ಹುಬ್ಬು ಏರಿತು. "ಗಂಡನ ಹೆಸರು ಹೇಳೋಲ್ಲ, ಸರಿ. ತಮ್ಮನ ಹೆಸರಿಗೇನು ಬಂತು ರೋಗ?"

ಹೆಂಗಸರು ಮುಖಮುಖ ನೋಡಿಕೊಂಡರು. ಪಂಕಜ ಒಳಗೆ ನೋಡಿದಳು. ಈಗಲಾದರೂ ಎದ್ದು ಬರುತ್ತಾನೆ, ನಿಜ ಹೇಳುತ್ತಾನೆ ಎಂದುಕೊಂಡಳು. ಪಾಯಸದ ಎಲೆಯಿಂದ ತಲೆಯೆತ್ತದೆ ಸಂಪತ್ ಕುಮಾರ ಕೂಗಿದ: "ಹೇಳಿಬಿಡೇ ಅಕ್ಕ, ಏನೀಗ!"

ಎರಡು ತಿಂಗಳ ಗೊಜ್ಜು ಕುದಿದು ಉಕ್ಕಿತು.

"ಲೋ ಸಂಪತ್ ಕುಮಾರಾ! ಏಳೋ ಮೇಲೆ! ಹೊಟ್ಟೆಗೋಸ್ಕರ ಹೆಂಡತೀನ ಅಕ್ಕ ಮಾಡಿದೆ, ಈಗ ಅಕ್ಕನ ಕೈಲೇ ಸವತೀನ ತರಿಸ್ತೀಯೇನೋ!"

ತಿರುಮಲಮ್ಮನವರ ಕಿವಿ ಹೆಸರಿನ ಹತ್ತಿರವೇ ನಿಂತುಬಿಟ್ಟಿತ್ತು. ಅವರು ನಿಟ್ಟುಸಿರಿಟ್ಟು, "ಅಬ್ಬ, ಹೆಸರು ಹಿಡಿದು 'ಲೋ' ಅಂದಳಲ್ಲ, ಅಕ್ಕನೇ ಸರಿ! ಹೆಂಡತಿಯೇನೋ ಅಂತ ಹೆದರಿದ್ದೆ. ಹಿಡಿಯಮ್ಮ ತಾಂಬೂಲ!" ಎಂದರು.

"ಹೆಂಡತಿಯೇ ರೀ ನಾನು!"

"ಗಂಡನ್ನ ಯಾವಳಾದ್ರೂ 'ಲೋ' ಅಂತಾಳೇನೆ?"

ಸುಳ್ಳನ್ನು ಎರಡು ತಿಂಗಳು ನಂಬಿದ ಮಂಡ್ಯ, ನಿಜವನ್ನು ಒಂದು ಗಳಿಗೆಯೂ ನಂಬಲೊಲ್ಲದು! ಪಂಕಜಳಿಗೆ ಅಳುವೇ ಬಂತು. ಆಗ ಬಾಗಿಲಿನಿಂದ ದೇವಿರಮ್ಮನ ದನಿ ಕೇಳಿಸಿತು.

"ಅಕ್ಕ ಅಲ್ಲ ಬುಡ್ರವ್ವ! ನಂಗೂ ತಮ್ದೀರವ್ರೆ. ಒಂದಿನಾನೂ ಇಂಗೆ ಕಣ್ಣಾಗೆ ನೀರಿಟ್ಕಂಡು ಬೋದಿಲ್ಲ. ಇದು ಎಂಡ್ರು ಕ್ವಾಪ ಕಣ್ರವ್ವ, ಎಂಡ್ರು ಕ್ವಾಪ!"

ಆ ಪ್ರಮಾಣಕ್ಕೆ ಎದುರುವಾದವಿರಲಿಲ್ಲ. ತಿರುಮಲಮ್ಮನವರು ನಿಧಾನವಾಗಿ ಪಂಕ್ತಿಯತ್ತ ತಿರುಗಿದರು.

"ಬರ್ಮಾಕ್ಕೆ ಹೋಗಿರೋ ಭಾವ ನೀನೇ ಏನೋ?"

"ಈಗ ತಾನೇ... ಬಂದೆ," ಎಂದ ಸಂಪತ್ ಕುಮಾರ.

"ನಿನ್ನ ಪ್ರಾಣ ಉಳೀಲಿ ಅಂತ ಪ್ರತಿ ಶುಕ್ರವಾರ ತುಪ್ಪದ ದೀಪ ಹಚ್ಚಿದೀನಲ್ಲೋ! ಯುದ್ಧಕಾಲದ ತುಪ್ಪ! ಏಳೋ ಎಲೆಯಿಂದ!" ಅವನೆದ್ದ ಮಣೆಯನ್ನು ಸೆರಗಿನಿಂದ ಒರೆಸಿ, ಹೊಸ ಎಲೆ ಹಾಕಿಸಿ, ಪಂಕಜಳ ಕೈ ಹಿಡಿದು ಕೂರಿಸಿದರು. "ಶುಕ್ರವಾರ ಮುತ್ತೈದೆಗೆ ಬಡಿಸಿದ್ರೆ ಪುಣ್ಯವಾದ್ರೂ ಬರುತ್ತೆ. ಇನ್ನು ಈ ಎಲೆ ನಿನ್ನದು."

ಸಂಜೆಯೊಳಗೆ ಉಳಿದ ಆರು ಮನೆಗಳೂ ಬಾಗಿಲು ಹಾಕಿಕೊಂಡವು. ಓದು ಮಾತ್ರ ನಿಲ್ಲಲಿಲ್ಲ. ಪಂಕಜ ಇದ್ದಿಲು ಕಸಿದುಕೊಂಡು ಸೊನ್ನೆಯನ್ನೂ ಗೌರವ ವೆಚ್ಚವನ್ನೂ ಒರೆಸಿ, ಅಲ್ಲಿ 'ಇಬ್ಬರ ಅಕ್ಕಿ' ಎಂದು ಬರೆದಳು. ಶುಕ್ರವಾರಗಳಂದು ಅವಳು ಪುಳಿಯೋಗರೆ ಉಂಡು ಬರುವ ಹೊತ್ತಿಗೆ, ಇಸ್ತ್ರಿಯಿಲ್ಲದ ಅಂಗಿಯಲ್ಲಿ ಸಂಪತ್ ಕುಮಾರ ಒಲೆ ಊದುತ್ತ ಕುಳಿತಿರುತ್ತಿದ್ದ. ಮೊದಲ ವಾರವೇ ಅವಳು ಅವನ ಸಾರನ್ನು ಒಂದು ಸೌಟು ಕುಡಿದು ನೋಡಿದಳು.

"ಏನೂಂದ್ರೆ, ಇಂಗು ಸ್ವಲ್ಪ ಕಡಿಮೆ."

ದಾಖಲೆಗೆ: ೧೯೪೪ನೆಯ ಇಸವಿ ಆಗಸ್ಟ್ ೧೧, ಶುಕ್ರವಾರ, ಮಂಡ್ಯ. ಪಂಕಜಮ್ಮನವರು ಪತಿಯ ಹೆಸರನ್ನು ಒಮ್ಮೆ ಉಚ್ಚರಿಸಿದರು.